ದ್ವೀಪಯಾನದ ಲೆಕ್ಕಾಚಾರ: ಸಮೂಹ ಪ್ರವಾಸ ಏರ್ಪಡಿಸುವ ಉದ್ಯಮಿಗಳಿಗೆ ಕೆಲವು ತಿಳಿವಳಿಕೆಗಳು

ಮಾರಾಟದ ಗುರಿಯನ್ನು ಸಾಧಿಸಿದ ಡೀಲರುಗಳಿಗೂ ವಿತರಕರಿಗೂ ಪ್ರೋತ್ಸಾಹಕವಾಗಿ ವಿದೇಶ ಪ್ರವಾಸವನ್ನು ನೀಡುವ ಪದ್ಧತಿಯು ನಮ್ಮ ಉದ್ಯಮ ವಲಯದಲ್ಲಿ ಚೆನ್ನಾಗಿ ಬೇರೂರಿದೆ. ಸಿಮೆಂಟ್, ಬಣ್ಣ, ವಿದ್ಯುತ್ ಉಪಕರಣ ಮುಂತಾದ ಕ್ಷೇತ್ರಗಳ ಸಂಸ್ಥೆಗಳು ಕೈಗೊಳ್ಳುವ ಇಂತಹ ಪ್ರವಾಸಗಳಲ್ಲಿ ಥಾಯ್ಲೆಂಡ್‌ಗೆ ವಿಶೇಷ ಸ್ಥಾನವಿದೆ. ಅಲ್ಲಿನ ಫುಕೆಟ್‌ನಿಂದ ಸ್ಪೀಡ್‌ಬೋಟಿನಲ್ಲಿ ಫಿಫಿ ದ್ವೀಪಗಳಿಗೆ ಹೋಗಿ, ಹವಳದ ದಿಬ್ಬಗಳ ಮೇಲೆ ತೇಲುತ್ತಾ ಮೀನುಗಳನ್ನು ನೋಡಿ, ಸಂಜೆಗೆ ಹಿಂದಿರುಗುವ ಒಂದು ದಿನದ ಯಾನವು ಬಹುತೇಕ ಎಲ್ಲ ಕಾರ್ಯಕ್ರಮ ಪಟ್ಟಿಗಳಲ್ಲಿಯೂ ಕಂಡುಬರುತ್ತದೆ.

ಹೋಟೆಲ್, ಊಟ, ಸಮಾವೇಶ ಸಭಾಂಗಣಗಳ ವಿಚಾರದಲ್ಲಿ ಹತ್ತು ಪ್ರಶ್ನೆಗಳನ್ನು ಕೇಳುವ ಸಂಸ್ಥೆಗಳು ಈ ಸಮುದ್ರಯಾನದ ವಿಚಾರದಲ್ಲಿ ಮಾತ್ರ ತಲಾ ದರವೊಂದನ್ನೇ ವಿಚಾರಿಸಿ ಸುಮ್ಮನಾಗುತ್ತವೆ. ಆದರೆ ಇಡೀ ಪ್ರವಾಸದಲ್ಲಿ ಅತಿಥಿಗಳ ಜೀವಕ್ಕೆ ನೇರವಾಗಿ ಸಂಬಂಧಿಸಿದ ಭಾಗವೆಂದರೆ ಇದೇ. ಈ ಯಾನದ ವ್ಯವಹಾರ ಹೇಗೆ ನಡೆಯುತ್ತದೆ, ಯಾವ ಮಿತಿಗಳಿಗೆ ಅದು ಒಳಪಟ್ಟಿದೆ, ಹಣ ಕೊಡುವವರು ಯಾವುದನ್ನು ವಿಚಾರಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಯಾನದ ಸ್ವರೂಪ

ಫಿಫಿ ಎಂಬುದು ಒಂದೇ ದ್ವೀಪವಲ್ಲ. ಅಂಡಮಾನ್ ಸಮುದ್ರದಲ್ಲಿ ಫುಕೆಟ್‌ನಿಂದ ಸುಮಾರು 45 ಕಿ.ಮೀ. ದೂರದಲ್ಲಿರುವ ದ್ವೀಪಗಳ ಗುಂಪು. ಆಡಳಿತದ ದೃಷ್ಟಿಯಿಂದ ಇವು ಕ್ರಾಬಿ ಪ್ರಾಂತ್ಯಕ್ಕೆ ಸೇರಿವೆ. ಜನವಸತಿಯಿರುವ ದೊಡ್ಡ ದ್ವೀಪ ಫಿಫಿ ಡಾನ್. ಅದರ ದಕ್ಷಿಣಕ್ಕೆ ಸುಣ್ಣಕಲ್ಲಿನ ಕಡಿದಾದ ಬಂಡೆಗಳಿಂದ ಕೂಡಿದ, ಜನವಸತಿಯಿಲ್ಲದ ಫಿಫಿ ಲೇ ಇದೆ. ಹೆಸರಾಂತ ಮಾಯಾ ಬೇ ಮತ್ತು ಪಿಲೆ ಲಗೂನ್ ಇರುವುದು ಈ ಎರಡನೆಯ ದ್ವೀಪದಲ್ಲಿ. ದೊಡ್ಡ ಫೆರಿ ದೋಣಿಗಳು ಫುಕೆಟ್‌ನಿಂದ ಫಿಫಿ ತಲುಪಲು ಸುಮಾರು ಎರಡು ಗಂಟೆ ತೆಗೆದುಕೊಂಡರೆ, ಎರಡು ಅಥವಾ ಮೂರು ಔಟ್‌ಬೋರ್ಡ್ ಎಂಜಿನ್‌ಗಳುಳ್ಳ ಸ್ಪೀಡ್‌ಬೋಟುಗಳು ಒಂದು ಗಂಟೆಯೊಳಗೆ ತಲುಪುತ್ತವೆ. ಬೆಳಿಗ್ಗೆ ಹೋಟೆಲಿನಿಂದ ವ್ಯಾನಿನಲ್ಲಿ ಕರೆದೊಯ್ದು, ಮೂರು ನಾಲ್ಕು ಸ್ಥಳಗಳನ್ನು ತೋರಿಸಿ, ಎರಡು ಕಡೆ ಸ್ನಾರ್ಕೆಲಿಂಗ್ ಮಾಡಿಸಿ, ಮಧ್ಯಾಹ್ನದ ಊಟ ಕೊಟ್ಟು, ಸಂಜೆಯೊಳಗೆ ಮರಳಿ ಬಿಡುವುದು ಸಾಮಾನ್ಯ ಕ್ರಮ.

ದರ ಕಡಿಮೆಯಾಗುವುದು ಹೇಗೆ?

ಈ ವ್ಯವಹಾರದ ಮುಖ್ಯ ಲಕ್ಷಣವೆಂದರೆ ವೆಚ್ಚದ ಬಹುಭಾಗವು ಪ್ರಯಾಣಿಕರ ಸಂಖ್ಯೆಯನ್ನು ಅವಲಂಬಿಸಿಲ್ಲ. ದೋಣಿಯ ಮೇಲಿನ ಬಂಡವಾಳ, ಪೆಟ್ರೋಲು, ಚಾಲಕ, ಸಹಾಯಕರು, ಮಾರ್ಗದರ್ಶಿ, ಜೆಟ್ಟಿಯ ಶುಲ್ಕ ಇವೆಲ್ಲ ಇಪ್ಪತ್ತು ಜನರಿದ್ದರೂ ಮೂವತ್ತು ಜನರಿದ್ದರೂ ಹೆಚ್ಚು ಕಡಿಮೆ ಒಂದೇ. ಉದಾಹರಣೆಗೆ, ಒಂದು ಯಾನದ ಇಂತಹ ಸ್ಥಿರ ವೆಚ್ಚ 30,000 ಬಾತ್ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಜನರಿಗೆ ಹಂಚಿದರೆ ತಲಾ 1,500 ಬಾತ್, ಮೂವತ್ತು ಜನರಿಗೆ ಹಂಚಿದರೆ ತಲಾ 1,000 ಬಾತ್ ಆಗುತ್ತದೆ. ಆದುದರಿಂದ ಅಗ್ಗದ ದರದ ಹಿಂದೆ ಬಹುಮಟ್ಟಿಗೆ ಇರುವುದು ಕಾರ್ಯದಕ್ಷತೆಯಲ್ಲ, ತುಂಬಿದ ಆಸನಗಳು. ಬೇರೆ ಬೇರೆ ಹೋಟೆಲುಗಳ ಅಪರಿಚಿತ ಪ್ರವಾಸಿಗಳನ್ನು ಒಟ್ಟುಗೂಡಿಸುವ ಸೀಟು ಆಧಾರಿತ ಯಾನಕ್ಕೂ ಇಡೀ ದೋಣಿಯನ್ನು ಬಾಡಿಗೆಗೆ ಪಡೆಯುವ ಯಾನಕ್ಕೂ ಇರುವ ದರ ವ್ಯತ್ಯಾಸಕ್ಕೆ ಇದೇ ಕಾರಣ.

ದರಪಟ್ಟಿಯಲ್ಲಿ ಕಾಣದ ಬಾಬತ್ತೊಂದು ಸಹ ಉಂಟು. ಫಿಫಿ ದ್ವೀಪಗಳು ಹಾಟ್ ನೊಪ್ಪರತ್ ಥಾರಾ–ಮು ಕೋ ಫಿಫಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ವಿದೇಶೀ ವಯಸ್ಕರಿಗೆ 400 ಬಾತ್, ಮಕ್ಕಳಿಗೆ 200 ಬಾತ್ ಪ್ರವೇಶ ಶುಲ್ಕವಿದೆ. ಕೆಲವು ಸಂಸ್ಥೆಗಳು ಇದನ್ನು ದರದಲ್ಲಿ ಸೇರಿಸಿರುತ್ತವೆ, ಕೆಲವು ಜೆಟ್ಟಿಯಲ್ಲಿ ಪ್ರತ್ಯೇಕವಾಗಿ ವಸೂಲು ಮಾಡುತ್ತವೆ. ಐವತ್ತು ಜನರ ತಂಡಕ್ಕೆ ಇದೊಂದೇ 20,000 ಬಾತ್ ಆಗುವುದರಿಂದ ಒಪ್ಪಂದದಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

ಋತುವಿನ ಮಿತಿ

ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಫುಕೆಟ್‌ನ ಪಶ್ಚಿಮ ಸಮುದ್ರವನ್ನೂ ಕಲಕುತ್ತದೆ. ಮಂಗಳೂರು, ಮಲ್ಪೆಗಳ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ ನಿಲ್ಲುವುದನ್ನು ಬಲ್ಲವರಿಗೆ ಆ ತಿಂಗಳುಗಳ ಕಡಲಿನ ಸ್ವಭಾವವನ್ನು ಹೇಳಬೇಕಾಗಿಲ್ಲ. ಫುಕೆಟ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರವು ಸಾಮಾನ್ಯವಾಗಿ ಶಾಂತವಾಗಿದ್ದು ನೀರು ತಿಳಿಯಾಗಿರುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಗಾಳಿ, ಅಲೆ, ಮಳೆಗಳ ಕಾಲ. ಈ ಅವಧಿಯಲ್ಲಿಯೂ ಯಾನಗಳು ನಡೆಯುತ್ತವೆ. ಹೋಟೆಲುಗಳ ದರವೂ ಇಳಿದಿರುತ್ತದೆ. ಅಗ್ಗದ ಕಾಲವನ್ನು ಆರಿಸಿಕೊಂಡವರು, ಸಮುದ್ರಯಾನ ರದ್ದಾಗುವ ಸಂಭವವನ್ನೂ ಜೊತೆಯಲ್ಲಿಯೇ ಕೊಂಡಿದ್ದೇವೆ ಎಂದು ತಿಳಿಯಬೇಕು.

2018ರ ಜುಲೈ 5ರಂದು ಫೀನಿಕ್ಸ್ ಎಂಬ ಪ್ರವಾಸಿ ನೌಕೆಯು ಫುಕೆಟ್‌ನ ಸಮೀಪದಲ್ಲಿ ಬಿರುಗಾಳಿಗೆ ಸಿಲುಕಿ ಮುಳುಗಿ, ಚೀನಾ ದೇಶದ 47 ಪ್ರವಾಸಿಗಳು ಮೃತಪಟ್ಟರು. ಹವಾಮಾನದ ಎಚ್ಚರಿಕೆ ಇದ್ದ ಕಾಲದಲ್ಲಿಯೇ ನಡೆದ ದುರಂತವಿದು. ನೌಕೆ ದೊಡ್ಡದಿದ್ದ ಮಾತ್ರಕ್ಕೆ ಕಡಲು ರಿಯಾಯಿತಿ ತೋರುವುದಿಲ್ಲ. ಪ್ರವಾಸದ ಕೊನೆಯ ದಿನಕ್ಕೆ ದ್ವೀಪಯಾನವನ್ನು ಇಟ್ಟುಕೊಂಡ ತಂಡಕ್ಕೆ ಹವೆ ಕೆಟ್ಟರೂ ಹೋಗಲೇಬೇಕೆಂಬ ಒತ್ತಡ ಉಂಟಾಗುತ್ತದೆ. ಯಾನವನ್ನು ಮೊದಲೆರಡು ದಿನಗಳಲ್ಲಿ ಇಟ್ಟು, ಒಂದು ದಿನವನ್ನು ಬದಲಿಯಾಗಿ ಖಾಲಿ ಬಿಡುವುದು ಈ ಒತ್ತಡಕ್ಕೆ ಸರಳ ಪರಿಹಾರ. ಹವಾಮಾನದ ಕಾರಣದಿಂದ ರದ್ದಾದಲ್ಲಿ ಹಣ ಮರುಪಾವತಿಯಾಗುವುದೇ, ಬೇರೆ ದಿನ ದೊರೆಯುವುದೇ ಎಂಬುದು ಲಿಖಿತವಾಗಿರಬೇಕು. ಮರುಪಾವತಿಯ ಭರವಸೆಯಿದ್ದಲ್ಲಿ ಗ್ರಾಹಕನೂ ಹಠ ಮಾಡುವುದಿಲ್ಲ, ದೋಣಿಯವನೂ ಸಾಹಸಕ್ಕೆ ಇಳಿಯುವುದಿಲ್ಲ.

ಮಾಯಾ ಬೇ ಮುಚ್ಚಿದ್ದೇಕೆ?

2000ದಲ್ಲಿ ಬಿಡುಗಡೆಯಾದ ‘ದಿ ಬೀಚ್’ ಎಂಬ ಹಾಲಿವುಡ್ ಚಲನಚಿತ್ರವು ಮಾಯಾ ಬೇಯನ್ನು ಜಗತ್ಪ್ರಸಿದ್ಧಗೊಳಿಸಿತು. ಅಲ್ಲಿಂದ ಮುಂದೆ ಪ್ರವಾಸಿಗಳ ಸಂಖ್ಯೆ ಏರುತ್ತಾ ಹೋಗಿ, ಸುಮಾರು 250 ಮೀಟರ್ ಉದ್ದದ ಈ ಮರಳು ತೀರಕ್ಕೆ ದಿನವೊಂದಕ್ಕೆ 5,000 ಜನರವರೆಗೆ ಬರತೊಡಗಿದರು. ದೋಣಿಗಳ ಲಂಗರು, ಎಂಜಿನ್ನುಗಳ ಚಕ್ರ, ಈಜುವವರ ಕಾಲು ಇವುಗಳಿಂದ ಕೊಲ್ಲಿಯ ಹವಳದ ಬಹುಭಾಗ ಹಾಳಾಯಿತು.

ಹವಳವು ಕಲ್ಲಿನಂತೆ ಕಂಡರೂ ಅದು ಸಣ್ಣ ಜೀವಿಗಳ ಸಮೂಹ. ಈ ಜೀವಿಗಳು ಸುಣ್ಣವನ್ನು ಸ್ರವಿಸಿ ತಮ್ಮ ಸುತ್ತ ಗೂಡು ಕಟ್ಟುತ್ತವೆ. ಅವುಗಳ ದೇಹದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಆಶ್ರಯದಾತನಿಗೂ ಹಂಚುತ್ತದೆ. ಗುಂಡಗಿನ ಬಂಡೆಯಂತೆ ಬೆಳೆಯುವ ಹವಳವು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಪ್ರವಾಸಿಯೊಬ್ಬ ಕ್ಷಣಮಾತ್ರ ಕಾಲೂರಿ ನಿಂತು ಮುರಿದದ್ದನ್ನು ಮರಳಿ ಪಡೆಯಲು ಹಲವಾರು ವರ್ಷಗಳೇ ಬೇಕು. ನೀರಿನ ಉಷ್ಣತೆಯು ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅಂಡಮಾನ್ ಸಮುದ್ರವು 2010ರಲ್ಲಿ ಇದನ್ನು ತೀವ್ರವಾಗಿ ಅನುಭವಿಸಿತು.

ಥಾಯ್ ಸರ್ಕಾರವು 2018ರ ಜೂನ್ 1ರಂದು ಮಾಯಾ ಬೇಯನ್ನು ನಾಲ್ಕು ತಿಂಗಳಿಗೆಂದು ಮುಚ್ಚಿತು. ನಾಲ್ಕು ತಿಂಗಳು ಸಾಲದೆಂದು ಕಂಡುಬಂದು ಅವಧಿ ಮುಂದುವರಿಯಿತು. ಕೊಲ್ಲಿಯು ಮತ್ತೆ ತೆರೆದದ್ದು 2022ರ ಜನವರಿ 1ರಂದು. ಆ ನಡುವೆ ಹವಳದ ಸಸಿಗಳನ್ನು ನೆಡಲಾಯಿತು; ಕಪ್ಪು ರೆಕ್ಕೆತುದಿಯ ಶಾರ್ಕ್ ಮೀನುಗಳು ಕೊಲ್ಲಿಗೆ ಹಿಂದಿರುಗಿದವು. ಈಗ ದೋಣಿಗಳು ಕೊಲ್ಲಿಯೊಳಕ್ಕೆ ಬರುವಂತಿಲ್ಲ. ದ್ವೀಪದ ಹಿಂಬದಿಯ ಲೋ ಸಮಾ ಎಂಬಲ್ಲಿ ತೇಲುಕಟ್ಟೆಗೆ ಕಟ್ಟಿ, ಪ್ರವಾಸಿಗಳು ಮರದ ಕಾಲುದಾರಿಯಲ್ಲಿ ನಡೆದು ತೀರವನ್ನು ತಲುಪಬೇಕು. ತೆರೆದ ಆರಂಭದಲ್ಲಿ ಒಂದು ಸರದಿಗೆ 375 ಜನರಿಗೆ ಒಂದು ಗಂಟೆಯ ಅವಕಾಶ ಎಂಬ ನಿಯಮವನ್ನು ತರಲಾಯಿತು. ಅಲ್ಲಿ ಈಜುವುದಕ್ಕೆ ಅನುಮತಿಯಿಲ್ಲ. ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕೊಲ್ಲಿಗೆ ವಿಶ್ರಾಂತಿ ನೀಡಲಾಗುತ್ತಿದೆ.

ವಾಣಿಜ್ಯ ದೃಷ್ಟಿಯಿಂದ ಈ ಪ್ರಕರಣ ಗಮನಾರ್ಹ. ದೋಣಿಯವರು ಮಾರುತ್ತಿದ್ದುದು ಆಸನವನ್ನಾದರೂ ಗ್ರಾಹಕರು ಕೊಳ್ಳುತ್ತಿದ್ದುದು ಆ ಕೊಲ್ಲಿಯನ್ನು. ಯಾರೊಬ್ಬರ ಲೆಕ್ಕಪುಸ್ತಕದಲ್ಲಿಯೂ ನಮೂದಾಗದ ಈ ಆಸ್ತಿಗೆ ಸವಕಳಿಯನ್ನು ಯಾರೂ ತೆಗೆದಿರಿಸಿರಲಿಲ್ಲ. ಎಲ್ಲರೂ ಲಾಭವೆಂದು ಎಣಿಸಿದ್ದರಲ್ಲಿ ಒಂದು ಪಾಲು ವಾಸ್ತವವಾಗಿ ಮೂಲಧನದ ಕರಗುವಿಕೆಯೇ ಆಗಿತ್ತು. ಮೂರೂವರೆ ವರ್ಷ ಬಾಗಿಲು ಮುಚ್ಚಿದುದು ಆ ಬಾಕಿಯ ತೀರುವಳಿ.

ನೀರಿಗಿಳಿಯುವ ಮುನ್ನ

ಸ್ನಾರ್ಕೆಲಿಂಗ್ ಎಂದರೆ ಮುಖಕ್ಕೆ ಗಾಜಿನ ಕವಚ ಧರಿಸಿ, ಬಾಯಿಯಲ್ಲಿ ಉಸಿರು ಕೊಳವೆಯನ್ನು ಕಚ್ಚಿಕೊಂಡು, ನೀರಿನ ಮೇಲ್ಮೈಯಲ್ಲಿ ಬೋರಲಾಗಿ ತೇಲುತ್ತಾ ಕೆಳಗೆ ನೋಡುವುದು. ಸ್ಕೂಬಾ ಮುಳುಗುವಿಕೆಯಂತೆ ಇದಕ್ಕೆ ಗಾಳಿಯ ಸಿಲಿಂಡರ್ ಬೇಕಾಗಿಲ್ಲ. ಈಜು ಬಾರದವರೂ ಲೈಫ್ ಜಾಕೆಟ್ ಧರಿಸಿ, ಮಾರ್ಗದರ್ಶಿಯ ಜೊತೆಯಲ್ಲಿ ಇದನ್ನು ಮಾಡಬಹುದು. ಆದರೆ ಒಬ್ಬ ಮಾರ್ಗದರ್ಶಿ ಮೂವತ್ತು ಜನರನ್ನು ನೋಡಿಕೊಳ್ಳಲಾರ. ನಮ್ಮ ಒಳನಾಡಿನ ತಂಡಗಳಲ್ಲಿ ಈಜು ಬಾರದವರ ಸಂಖ್ಯೆಯೇ ಹೆಚ್ಚಾಗಿರುವುದರಿಂದ, ಅವರ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ ಹೆಚ್ಚುವರಿ ಸಹಾಯಕರನ್ನು ಗೊತ್ತುಪಡಿಸುವುದು ಅವಶ್ಯ.

ಮುಖಕವಚ ಸರಿಹೊಂದುವುದೇ ಎಂದು ತಿಳಿಯಲು ಪಟ್ಟಿಯನ್ನು ಕಟ್ಟದೆ ಅದನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಬೇಕು. ಕೈಬಿಟ್ಟರೂ ಬೀಳದಿದ್ದರೆ ಸರಿಯಾಗಿದೆ ಎಂದರ್ಥ. ದಪ್ಪ ಮೀಸೆಯಿರುವವರಿಗೆ ಅಂಚಿನಿಂದ ಸ್ವಲ್ಪ ನೀರು ಒಸರುವುದುಂಟು. ಗಾಬರಿಯಾಗದೆ ತಲೆಯೆತ್ತಿ ಕವಚದ ಕೆಳಅಂಚನ್ನು ತುಸು ಎತ್ತಿದರೆ ನೀರು ಹೊರಹೋಗುತ್ತದೆ. ಕೊಳವೆಗೆ ನೀರು ನುಗ್ಗಿದರೆ ಜೋರಾಗಿ ಊದಬೇಕು. ದಡದ ಸೊಂಟಮಟ್ಟದ ನೀರಿನಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿದವರು ಆಳದಲ್ಲಿ ಹೆದರುವುದು ಕಡಿಮೆ. ನೇರವಾಗಿ ದೋಣಿಯಿಂದ ಜಿಗಿದವರಿಗೆ ಈ ಅವಕಾಶವಿರುವುದಿಲ್ಲ.

ಮುಳುಗುವವರು ಕೂಗಿ ಕರೆಯುತ್ತಾರೆಂಬುದು ತಪ್ಪು ಕಲ್ಪನೆ. ಬಹುತೇಕ ಅವರು ಸದ್ದಿಲ್ಲದೆ ನಿಶ್ಚಲರಾಗುತ್ತಾರೆ. ಬೋರಲಾಗಿ ತೇಲುವವರ ನಡುವೆ ಇದು ಗಮನಕ್ಕೇ ಬಾರದು. ಆದುದರಿಂದ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಮತ್ತೊಬ್ಬರನ್ನು ನೋಡಿಕೊಳ್ಳುವಂತೆ ವಿಧಿಸಬೇಕು. ಪ್ರತಿಯೊಂದು ತಾಣದಿಂದ ಹೊರಡುವ ಮುನ್ನ ತಲೆ ಎಣಿಸಬೇಕು. ಹಿಂದಿನ ರಾತ್ರಿಯ ಔತಣದ ಮದ್ಯದ ಪ್ರಭಾವ ಇಳಿಯದವರು ನೀರಿಗೆ ಇಳಿಯಬಾರದು. ಹೃದ್ರೋಗ, ರಕ್ತದೊತ್ತಡ ಉಳ್ಳವರು ಊರಿನಲ್ಲಿಯೇ ವೈದ್ಯರ ಸಲಹೆ ಪಡೆದಿರಬೇಕು. ವೇಗದಲ್ಲಿ ಸಾಗುವ ದೋಣಿಯ ಮುಂಭಾಗವು ಅಲೆಗಳಿಗೆ ಬಡಿಯುವುದರಿಂದ ಗರ್ಭಿಣಿಯರೂ ಬೆನ್ನುನೋವು ಉಳ್ಳವರೂ ಸ್ಪೀಡ್‌ಬೋಟನ್ನು ಬಿಟ್ಟು ಫೆರಿಯಲ್ಲಿ ಹೋಗುವುದು ಕ್ಷೇಮ. ಹಿರಿಯರು ಹಿಂಬದಿಯ ಆಸನಗಳಲ್ಲಿ ಕುಳಿತುಕೊಳ್ಳಬೇಕು.

ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಮುಂತಾದ ರಾಸಾಯನಿಕಗಳುಳ್ಳ ಸನ್‌ಸ್ಕ್ರೀನ್ ಲೇಪನಗಳನ್ನು ಥಾಯ್ಲೆಂಡ್ 2021ರಲ್ಲಿ ತನ್ನ ಸಮುದ್ರ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿದೆ. ದಂಡ 1,00,000 ಬಾತ್‌ವರೆಗೆ ಇದೆ. ತುಂಬುತೋಳಿನ ಈಜುಡುಪು ಲೇಪನಕ್ಕಿಂತ ಮೇಲು. ಮೀನುಗಳಿಗೆ ಬ್ರೆಡ್ಡು ಹಾಕುವುದು, ಹವಳ ಮುಟ್ಟುವುದು, ಚಿಪ್ಪು ತರುವುದು ಇವೂ ಸಲ್ಲ.

ಕೇಳಬೇಕಾದ ಪ್ರಶ್ನೆಗಳು

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪ್ರವಾಸ ಏಜೆಂಟರಿಂದ ಈ ಕೆಳಗಿನವುಗಳಿಗೆ ಲಿಖಿತ ಉತ್ತರ ಪಡೆಯತಕ್ಕದ್ದು:

1. ದೋಣಿಯ ಪರವಾನಗಿಯಲ್ಲಿ ನಮೂದಾದ ಪ್ರಯಾಣಿಕರ ಸಂಖ್ಯೆ ಎಷ್ಟು? ನಮ್ಮ ಯಾನದಲ್ಲಿ ಎಷ್ಟು ಜನರಿರುತ್ತಾರೆ?
2. ಯಾನ ನಡೆಸುವ ಸಂಸ್ಥೆಗೆ ಥಾಯ್ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇದೆಯೇ? ಅದರ ಸಂಖ್ಯೆ ಏನು?
3. ಲೈಫ್ ಜಾಕೆಟ್‌ಗಳು ಪ್ರತಿಯೊಬ್ಬರ ಅಳತೆಗೆ ತಕ್ಕಂತೆ ಇವೆಯೇ?
4. ನೀರಿನಲ್ಲಿ ಜೊತೆಗಿರುವ ಮಾರ್ಗದರ್ಶಿಗಳು ಎಷ್ಟು ಮಂದಿ?
5. ಹವೆ ಕೆಟ್ಟಲ್ಲಿ ರದ್ದುಪಡಿಸುವ ನಿರ್ಧಾರ ಯಾರದು? ಮರುಪಾವತಿ ಹೇಗೆ?
6. ನಮ್ಮ ಪ್ರವಾಸ ವಿಮೆಯು ಜಲಕ್ರೀಡೆಯ ಅಪಘಾತವನ್ನು ಒಳಗೊಂಡಿದೆಯೇ?

ನಮ್ಮ ಕರಾವಳಿಗೂ ಅನ್ವಯ

ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿಯಲ್ಲಿಯೂ ಸ್ಕೂಬಾ ಮತ್ತು ಸ್ನಾರ್ಕೆಲಿಂಗ್ ಯಾನಗಳು ನಡೆಯುತ್ತಿವೆ. ಅಲ್ಲಿ ದ್ವೀಪಕ್ಕೆ ಇಳಿಯದೆ ದೋಣಿಯಿಂದಲೇ ನೀರಿಗಿಳಿಯುವ ಕ್ರಮವಿದೆ. ಮಳೆಗಾಲದಲ್ಲಿ ಯಾನ ನಿಲ್ಲುತ್ತದೆ. ಈ ಕ್ಷೇತ್ರದಲ್ಲಿ ಬಂಡವಾಳ ಹೂಡಲು ಬಯಸುವ ನಮ್ಮ ಉದ್ಯಮಿಗಳು ಮಾಯಾ ಬೇಯ ಎರಡೂ ಅಧ್ಯಾಯಗಳನ್ನು ಅರಿಯಬೇಕು. ಮಿತಿಗಳನ್ನು ಮೊದಲೇ ಹಾಕಿಕೊಂಡರೆ ಅದರ ವೆಚ್ಚ ಕೆಲವು ಖಾಲಿ ಆಸನಗಳು ಮಾತ್ರ. ಹಾನಿಯಾದ ಮೇಲೆ ಹಾಕಿಕೊಂಡರೆ ಹಲವು ವರ್ಷಗಳ ಆದಾಯ.

ದೋಣಿಯಲ್ಲಿ ಕುಳಿತುಕೊಳ್ಳುವವರು ಸಂಸ್ಥೆಯ ಮಾತನ್ನು ನಂಬಿ ಬಂದ ಅತಿಥಿಗಳು. ತಲಾ ಐನೂರು ಬಾತ್ ಉಳಿಸುವುದಕ್ಕಿಂತ ಅವರನ್ನು ಸುರಕ್ಷಿತವಾಗಿ ಮನೆಗೆ ಮುಟ್ಟಿಸುವುದೇ ಯಾವ ವ್ಯಾಪಾರಕ್ಕೂ ಲಾಭದಾಯಕ ಎಂಬುದನ್ನು ಸದಸ್ಯರು ದರಪಟ್ಟಿಯನ್ನು ಕೈಗೆತ್ತಿಕೊಳ್ಳುವಾಗ ನೆನಪಿನಲ್ಲಿಡುವುದು ಉಚಿತ.