ಧನುಷ್ಕೋಟಿಯ ಮರಳ ದಾರಿ

‘ಆಸೇತುಹಿಮಾಚಲ’ ಎಂಬ ಪದ ನಿಮ್ಮ ಕಿವಿಗೆ ಹೊಸದಲ್ಲ. ಸೇತುವಿನಿಂದ ಹಿಡಿದು ಹಿಮಾಲಯದವರೆಗೆ ಎಂದು ಅದರ ಅರ್ಥ. ಹಿಮಾಚಲವನ್ನು ಎಲ್ಲರೂ ಬಲ್ಲರು. ಆದರೆ ಆ ಪದದ ಇನ್ನೊಂದು ತುದಿಯಾದ ಸೇತುವಿನ ಬಳಿಗೆ ಕಾಲ್ನಡಿಗೆಯಲ್ಲಿಯೇ ಹೋಗಬಹುದೆಂಬುದು ಅನೇಕರಿಗೆ ಹೊಳೆದಿರಲಾರದು. ತಮಿಳುನಾಡಿನ ರಾಮೇಶ್ವರ ದ್ವೀಪದ ಆಗ್ನೇಯ ಭಾಗದಲ್ಲಿರುವ ಧನುಷ್ಕೋಟಿಯೇ ಆ ಸ್ಥಳ. ಇಲ್ಲಿ ಕೋಟಿಯೆಂದರೆ ಸಂಖ್ಯೆಯಲ್ಲ, ತುದಿ. ವಿಭೀಷಣನ ಬಿನ್ನಹದಂತೆ ರಾಮನು ಬಿಲ್ಲಿನ ತುದಿಯಿಂದ ಸೇತುವನ್ನು ಇಲ್ಲಿ ಮುರಿದನೆಂಬುದು ಸ್ಥಳಪುರಾಣ. ಸೇತುವಿನ ಮರಳನ್ನು ಒಯ್ದು ಗಂಗೆಗೆ ಅರ್ಪಿಸಿ, ಗಂಗೆಯ ನೀರನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಮಾತ್ರ ಕಾಶಿಯಾತ್ರೆ ಪೂರ್ತಿಯಾಗುವುದೆಂದು ನಮ್ಮ ಹಿರಿಯರು ನಂಬಿದ್ದರು.

ರಾಮೇಶ್ವರದ ಪೇಟೆಯಿಂದ ಮುಕುಂದರಾಯರ್ ಛತ್ರದವರೆಗೆ ವಾಹನದಲ್ಲಿ ಬಂದು, ಅಲ್ಲಿಂದ ನಡಿಗೆಯನ್ನು ಆರಂಭಿಸುವುದು ಅನುಕೂಲ. ಅದಕ್ಕೆ ಮೊದಲೇ, ಹೆದ್ದಾರಿಯಿಂದ ಕವಲೊಡೆದು ಹೋದರೆ ಕೋದಂಡರಾಮನ ಗುಡಿ ಸಿಕ್ಕುತ್ತದೆ. ವಿಭೀಷಣನಿಗೆ ಪಟ್ಟ ಕಟ್ಟಿದ ಸ್ಥಳವೆಂದು ಅದಕ್ಕೆ ಪ್ರಸಿದ್ಧಿ. ಛತ್ರದಿಂದ ಹಳೆಯ ಧನುಷ್ಕೋಟಿ ಊರಿಗೆ ಸುಮಾರು 5 ಕಿಲೋಮೀಟರು. ಅಲ್ಲಿಂದ ನೆಲದ ಕೊನೆಗೆ ಇನ್ನು ನಾಲ್ಕೂವರೆ. 2017ರಲ್ಲಿ ರಸ್ತೆ ಸಿದ್ಧವಾಗುವವರೆಗೆ ಮರಳಿನಲ್ಲಿಯೇ ಸಾಗಬೇಕಾಗಿದ್ದಿತು. ದಾರಿಯಲ್ಲಿ ಏರಿಳಿತವಿಲ್ಲವಾದುದರಿಂದ ಸಾಮಾನ್ಯ ಆರೋಗ್ಯವುಳ್ಳ ಯಾರಾದರೂ ನಡೆಯಬಹುದು. ಕಷ್ಟವೇನಿದ್ದರೂ ಬಿಸಿಲಿನದು, ಗಾಳಿಯದು. ನೆರಳೆಂಬುದು ಬಹಳ ಅಪರೂಪ. ಆದುದರಿಂದ ಬೆಳಗಿನ ಹೊತ್ತು ಹೊರಡುವುದು ಮೇಲು.

ನಡೆಯುತ್ತಾ ಹೋದಂತೆ ನೆಲ ಎರಡೂ ಕಡೆಯಿಂದ ಕಿರಿದಾಗುತ್ತದೆ. ಎಡಗಡೆ ಪಾಕ್ ಜಲಸಂಧಿಯ ಕಡಲು, ಬಲಗಡೆ ಮನ್ನಾರ್ ಖಾರಿಯ ಕಡಲು. ಎಡಗಡೆಯದು ಸಾಮಾನ್ಯವಾಗಿ ಕೆರೆಯಂತೆ ಶಾಂತ, ಬಲಗಡೆಯದು ಅಬ್ಬರದ್ದು. ಅದಕ್ಕೇ ಅಲ್ಲಿನ ಬೆಸ್ತರು ಒಂದನ್ನು ಹೆಣ್ಣು ಕಡಲೆಂದೂ ಇನ್ನೊಂದನ್ನು ಗಂಡು ಕಡಲೆಂದೂ ಕರೆಯುತ್ತಾರೆ. ನಾವು ತುಳಿಯುವ ನೆಲವಾದರೋ ಈ ಎರಡು ಕಡಲುಗಳೂ ಕೂಡಿ ಹಾಸಿದ ಮರಳಿನ ನಾಲಗೆ. ಅಲೆಗಳೂ ಪ್ರವಾಹಗಳೂ ಹೊತ್ತು ತಂದ ಮರಳು ಇಲ್ಲಿ ಸೇರಿ ನೆಲವಾಯಿತು. ಒಂದು ಕಾಲದಲ್ಲಿ ಕೂಡಿಸಿದ ಕಡಲು ಇನ್ನೊಂದು ಕಾಲದಲ್ಲಿ ಕೊರೆಯುವುದೂ ಉಂಟು.

ಹೀಗೆ ಕಡಲು ಕೊಟ್ಟ ನೆಲವನ್ನು ಕಡಲೇ ಮರಳಿ ಕೇಳಿದರೆ ಏನಾಗುವುದೆಂಬುದಕ್ಕೆ ಸಾಕ್ಷಿಯಾಗಿ ಹಳೆಯ ಊರು ನಿಂತಿದೆ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನಿಂದ ಬಂದ ರೈಲು ಕಡಲನ್ನು ದಾಟಿ ಧನುಷ್ಕೋಟಿಯನ್ನು ಮುಟ್ಟುತ್ತಿದ್ದಿತು. ಇಲ್ಲಿ ಇಳಿದ ಪ್ರಯಾಣಿಕರು ಹಡಗನ್ನೇರಿ ಸಿಂಹಳದ ತಲೈಮನ್ನಾರಿಗೆ ಹೋಗುತ್ತಿದ್ದರು. ಹೀಗೆ ರೈಲು ನಿಲ್ದಾಣ, ಅಂಚೆ ಕಚೇರಿ, ಚರ್ಚು ಎಲ್ಲವೂ ಇದ್ದ ಊರು ಬೆಳೆಯಿತು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತವೆದ್ದಿತು. ಪಾಂಬನ್‌ನಿಂದ ಹೊರಟ ಪ್ರಯಾಣಿಕರ ರೈಲು ಇನ್ನೇನು ನಿಲ್ದಾಣ ಸೇರಬೇಕು ಎನ್ನುವಷ್ಟರಲ್ಲಿ ಅಲೆಗಳ ಪಾಲಾಯಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ಬೆಳಗಾಗುವುದರೊಳಗೆ ಊರೂ ಇರಲಿಲ್ಲ. ಇಂದು ಚರ್ಚಿನ ಮೊಂಡುಗೋಡೆಗಳೂ ನಿಲ್ದಾಣದ ಕಮಾನುಗಳೂ ಮರಳಿನ ನಡುವೆ ಕಾಣಸಿಕ್ಕುತ್ತವೆ. ಕೋದಂಡರಾಮನ ಗುಡಿ ಮಾತ್ರ ಆ ರಾತ್ರಿಯನ್ನು ತಾಳಿಕೊಂಡು ಉಳಿಯಿತು.

ಈ ಸ್ಥಳ ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಅಂದೇ ಸಾರಿತು. ಆದರೂ ಬೆಸ್ತರ ಕುಟುಂಬಗಳು ಗುಡಿಸಲು ಕಟ್ಟಿಕೊಂಡು ಇಲ್ಲಿ ಬಾಳಿವೆ. ಸುತ್ತಲೂ ಉಪ್ಪುನೀರಿರುವಾಗ ಕುಡಿಯಲು ಏನು ಮಾಡುತ್ತಾರೆಂದು ನೀವು ಕೇಳಬಹುದು. ಅವರು ಮರಳಿನಲ್ಲಿ ಆಳವಲ್ಲದ ಗುಂಡಿ ತೋಡುತ್ತಾರೆ. ತುಸು ಹೊತ್ತಿನಲ್ಲಿ ಸಿಹಿನೀರು ಒಸರುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ, ಅಡಿಯಲ್ಲಿ ಹಬ್ಬಿರುವ ಕಡಲ ನೀರಿನ ಮೇಲೆ ಅದು ತೆಳುವಾದ ಪದರವಾಗಿ ತೇಲಿ ನಿಲ್ಲುತ್ತದೆ. ಅಷ್ಟಷ್ಟೇ ಮೊಗೆದರೆ ಪದರ ಉಳಿಯುತ್ತದೆ. ಆಸೆಪಟ್ಟು ಆಳಕ್ಕೆ ತೋಡಿದರೆ ಅಥವಾ ಒಮ್ಮೆಗೇ ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರಿ ಬರುತ್ತದೆ. ಓದುಬರಹದ ನೆರವಿಲ್ಲದೆಯೇ ಈ ಮಿತಿಯನ್ನು ಅಲ್ಲಿನ ತಾಯಂದಿರು ಕಂಡುಕೊಂಡಿದ್ದಾರೆ. ಅವರು ಅಲ್ಲಿ ಉಳಿದಿರುವುದೇ ಆ ತೆಳುವಾದ ಪದರದ ಬಲದಿಂದ.

ದಾರಿ ಮುಗಿಯುವಲ್ಲಿ ಅರಿಚಲ್‌ಮುನೈ ಇದೆ. ತಮಿಳಿನ ‘ಮುನೈ’ ನಮ್ಮ ‘ಮೊನೆ’ಯೇ, ಕಡಲ ಕೊರೆತದ ಮೊನೆ ಎಂದು ಹೆಸರಿನ ತಾತ್ಪರ್ಯ. ಅಶೋಕ ಲಾಂಛನವಿರುವ ಕಂಬದ ಬಳಿ ನಿಂತರೆ ಮುಂದೆ ನೀರೇ ನೀರು; ಅದರಾಚೆ ಸುಮಾರು 30 ಕಿಲೋಮೀಟರಿನಲ್ಲಿ ಸಿಂಹಳದ್ವೀಪ. ಎರಡು ಕಡಲುಗಳು ಕೂಡುವ ಇಲ್ಲಿ ಸೆಳೆತ ಬಲವಾಗಿದೆ. ನೀರಿಗಿಳಿಯುವ ಸಾಹಸ ಬೇಡ. ಸಂಜೆಗೆ ಮೊದಲೇ ವಾಹನ ಹಿಡಿದು ಮರಳಿರಿ.

ಇನ್ನೊಂದು ಮಾತು. ಕುಡಿಯುವ ನೀರನ್ನು ರಾಮೇಶ್ವರದಿಂದಲೇ ತುಂಬಿಸಿಕೊಂಡು ಹೋಗಿರಿ. ಬೆಸ್ತರ ಗುಂಡಿಗಳ ಹತ್ತಿರ ಕೈಕಾಲು ತೊಳೆಯಬೇಡಿರಿ, ಕಸ ಬಿಸುಡಬೇಡಿರಿ. ಸೇತುವಿನಿಂದ ಯಾತ್ರಿಕನು ಒಯ್ಯುತ್ತಿದ್ದುದು ಹಿಡಿ ಮರಳನ್ನು ಮಾತ್ರ. ಅಲ್ಲಿಯ ಸಿಹಿನೀರು ಅಲ್ಲಿಯವರಿಗೇ ಸಾಲದು.