ತೊಗರಿ ರಾಶಿಯ ಧೂಳಿನಲ್ಲಿ ಏನಿದೆ?

ಡಿಸೆಂಬರ್ ಮುಗಿಯುತ್ತಾ ಬಂದಂತೆ ಆಳಂದ ತಾಲೂಕಿನ ನಮ್ಮ ಮಾದನಹಿಪ್ಪರಗಾದ ಸುತ್ತ ತೊಗರಿ ರಾಶಿ ಜೋರಾಗುತ್ತದೆ. ಯಂತ್ರದಿಂದ ಎದ್ದ ಧೂಳು ಅಂಗಳ ದಾಟಿ ಅಡುಗೆಮನೆಗೂ ಬರುತ್ತದೆ. ಹಿಂದೆಯೇ ಕೆಮ್ಮು. "ಧೂಳಿಂದು ಅದ, ಹೋಗ್ತದ ಬಿಡ್ರಿ" ಎನ್ನುತ್ತೇವೆ.

ಸಹೋದರಿಯರೇ, ಆ ಧೂಳಿನಲ್ಲಿ ಮಣ್ಣಷ್ಟೇ ಇರುವುದಿಲ್ಲ. ಒಣಗಿದ ಎಲೆ, ಹೊಟ್ಟು, ಬಣವೆ, ತಿಪ್ಪೆಗಳಲ್ಲಿ ಬೆಳೆದ ಬೂಷ್ಟಿನ ಬೀಜಾಣುಗಳೂ ಇರುತ್ತವೆ. ಒಮ್ಮೆ ನನ್ನ ವಿದ್ಯಾರ್ಥಿನಿಯರು ಗಾಜಿನ ಪಟ್ಟಿಗೆ ವ್ಯಾಸಲೀನ್ ಸವರಿ ಶಾಲೆಯ ಮಾಳಿಗೆಯ ಮೇಲಿಟ್ಟರು. ಮರುದಿನ ಸೂಕ್ಷ್ಮದರ್ಶಕದಲ್ಲಿ ಗದೆಯಾಕಾರದ, ಅಡ್ಡಗೆರೆಗಳುಳ್ಳ ಕಣಗಳು ಕಂಡವು. ನಾನು ಬಿ.ಎ. ಓದಿದವಳು, ವಿಜ್ಞಾನದ ಶಿಕ್ಷಕಿಯನ್ನೇ ಕೇಳಬೇಕಾಯಿತು. ಅದು ಆಲ್ಟರ್ನೇರಿಯಾ, ಅಸ್ತಮಾ ಇರುವವರನ್ನು ಕಾಡುವ ಬೂಷ್ಟು.

ಆದರೆ ಗಾಜು ಹಿಡಿಯುವುದು ತಾನಾಗಿ ಬಿದ್ದದ್ದನ್ನು ಮಾತ್ರ. ಭಾರದ ಬೀಜಾಣು ಬೇಗ ಬೀಳುತ್ತದೆ. ಆಸ್ಪರ್ಜಿಲ್ಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿನದು ಕೇವಲ 2-3 ಮೈಕ್ರಾನ್; ತೇಲುತ್ತಲೇ ಇದ್ದು, ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪಟ್ಟಿ ಮಾಡಿದ 19 ರೋಗಕಾರಕ ಶಿಲೀಂಧ್ರಗಳಲ್ಲಿ ಅತ್ಯಂತ ಗಂಭೀರವೆಂದ ನಾಲ್ಕರಲ್ಲಿ ಇದೂ ಒಂದು.

ಇಂಥವನ್ನು ಹಿಡಿಯಲೆಂದೇ ಇಂಗ್ಲೆಂಡಿನ ಹರ್ಸ್ಟ್ 1952ರಲ್ಲಿ ಒಂದು ಯಂತ್ರವನ್ನು ಪ್ರಕಟಿಸಿದರು. ಅದು ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯುತ್ತದೆ, ಹೆಚ್ಚುಕಡಿಮೆ ನಮ್ಮ ಉಸಿರಾಟದಷ್ಟೇ. ಒಳಗಿನ ಅಂಟಿನ ಗಾಜು ಗಂಟೆಗೆ 2 ಮಿಲಿಮೀಟರ್ ಸರಿಯುವುದರಿಂದ ಯಾವ ಹೊತ್ತಿಗೆ ಏನು ಹಾರಿತೆಂದು ತಿಳಿಯುತ್ತದೆ. ಆದರೂ ಆಸ್ಪರ್ಜಿಲ್ಲಸ್, ಪೆನಿಸಿಲಿಯಂ ಬೀಜಾಣುಗಳು ಕಣ್ಣಿಗೆ ಒಂದೇ ತೆರನಾದ ಗುಂಡುಗಳು. ಯಾವುದೆಂದು ಹೇಳಲು ತಟ್ಟೆಯಲ್ಲಿ ಬೆಳೆಸಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡಬೇಕು.

ಗಾಳಿಯಲ್ಲಿ ಬೂಷ್ಟು ಸಿಕ್ಕಿತೆಂದ ಮಾತ್ರಕ್ಕೆ ರೋಗ ಬಂತೆಂದಲ್ಲ. ನಾವೆಲ್ಲರೂ ದಿನವೂ ಅದನ್ನು ಉಸಿರಾಡುತ್ತೇವೆ, ಆರೋಗ್ಯವಂತ ದೇಹ ಹೊರಹಾಕುತ್ತದೆ. ಅಪಾಯವಿರುವುದು ಅಸ್ತಮಾದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಹಿಂದೆ ಟಿಬಿ ಆದವರಿಗೆ. ನಮ್ಮ ಓಣಿಯ ಖಾಲಾ ಒಬ್ಬರು ಟಿಬಿಯಿಂದ ಗುಣವಾಗಿ ವರ್ಷಗಳಾಗಿದ್ದವು. ಮತ್ತೆ ಕೆಮ್ಮು, ಕಫದಲ್ಲಿ ರಕ್ತ. ಟಿಬಿ ಮರಳಿತೆಂದು ಮತ್ತೆ ಮಾತ್ರೆ ಶುರುವಾಯಿತು, ಗುಣವಾಗಲಿಲ್ಲ. ಕಫದಲ್ಲಿ ಟಿಬಿ ರೋಗಾಣು ಸಿಕ್ಕಿರಲೂ ಇಲ್ಲ. ಕೊನೆಗೆ ಎದೆಯ ಸಿ.ಟಿ. ಸ್ಕ್ಯಾನ್ ಮತ್ತು ಆಸ್ಪರ್ಜಿಲ್ಲಸ್‌ನ ರಕ್ತಪರೀಕ್ಷೆಯಾದಾಗ ತಿಳಿಯಿತು: ಹಳೆಯ ಟಿಬಿ ಬಿಟ್ಟುಹೋದ ಪೊಳ್ಳಿನಲ್ಲಿ ಬೂಷ್ಟಿನ ಉಂಡೆ ಬೆಳೆದಿತ್ತು. ಟಿಬಿ ಮಾತ್ರೆ ಬೂಷ್ಟನ್ನು ಕೊಲ್ಲುವುದಿಲ್ಲ.

ನಿಮ್ಮ ಮನೆಯಲ್ಲೂ ಟಿಬಿ ಗುಣವಾದವರು ಮತ್ತೆ ಕೆಮ್ಮುತ್ತಿದ್ದರೆ, ಕಫ ಪರೀಕ್ಷೆಯಲ್ಲಿ ಟಿಬಿ ಕಾಣದಿದ್ದರೆ, "ಬೂಷ್ಟು ಇರಬಹುದೇ?" ಎಂದು ವೈದ್ಯರನ್ನು ಕೇಳಿ. ಕೇಳಲು ಸಂಕೋಚ ಬೇಡ. ಸೆರಗು ಮುಚ್ಚಿಕೊಂಡರೆ ಸಾಕೆಂದುಕೊಳ್ಳಬೇಡಿ, ಇಷ್ಟು ಸಣ್ಣ ಕಣ ಅದರೊಳಗಿಂದ ನುಸುಳುತ್ತದೆ. ಖಾಲಾ ಈಗ ರಾಶಿಯ ದಿನಗಳಲ್ಲಿ ಊರಲ್ಲಿ ಇರುವುದಿಲ್ಲ, ಮಗಳ ಮನೆಗೆ ಹೋಗುತ್ತಾರೆ.