ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ? ಮುದ್ರಣ ಮತ್ತು ವಿನ್ಯಾಸ ವೃತ್ತಿಯವರ ಮುಂದಿರುವ ಲೆಕ್ಕ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಮಹಾನಗರಗಳ ದೊಡ್ಡ ಕಚೇರಿಗಳಿಗೆ ಇದೊಂದು ಸಾಮಾನ್ಯ ಸುದ್ದಿ. ಆದರೆ ಒಂದೇ ಗಣಕಯಂತ್ರದಲ್ಲಿ ಹಗಲು ಲಗ್ನಪತ್ರಿಕೆ ವಿನ್ಯಾಸ, ರಾತ್ರಿ ಟ್ಯಾಲಿ ಲೆಕ್ಕ, ತಿಂಗಳ ಕೊನೆಗೆ ಜಿಎಸ್‌ಟಿ ವಿವರಣೆ ಸಲ್ಲಿಕೆ ಎಂದು ಎಲ್ಲವನ್ನೂ ನಡೆಸಿಕೊಂಡು ಹೋಗುವ ಸಣ್ಣ ಪಟ್ಟಣದ ಮುದ್ರಕನಿಗೆ ಇದು ಬಂಡವಾಳದ ಪ್ರಶ್ನೆ. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಸೌಲಭ್ಯವನ್ನಾಗಲಿ, ಹೊಸ ಪೀಳಿಗೆಯ ಪ್ರೊಸೆಸರನ್ನಾಗಲಿ ಹೊಂದಿಲ್ಲ. ಹೀಗಾಗಿ ಯಾದಗಿರಿ, ಶಹಾಪುರ, ಸುರಪುರಗಳ ಡಿಟಿಪಿ ಕೇಂದ್ರ, ಆಫ್‌ಸೆಟ್ ಪ್ರೆಸ್, ಬ್ಯಾನರ್ ಅಂಗಡಿ ಮತ್ತು ಫೋಟೋ ಸ್ಟುಡಿಯೋಗಳಿಗೆ ಹೊಸ ಯಂತ್ರ ಕೊಳ್ಳುವ ಪ್ರಸಂಗ ಎದುರಾಗಿದೆ. ಇದೇ ಸಮಯಕ್ಕೆ ಮನೆಯ ಹುಡುಗರು ಹೇಳುವ ಮಾತು ಒಂದೇ: ಲ್ಯಾಪ್‌ಟಾಪ್ ಏಕೆ, ಟ್ಯಾಬ್ಲೆಟ್ ಸಾಕಲ್ಲ.

ಟ್ಯಾಬ್ಲೆಟ್ ಎಂದರೆ ಔಷಧದ ಅಂಗಡಿ ನೆನಪಾಗುವ ಹಿರಿಯರೂ ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಆಪಲ್ ಸಂಸ್ಥೆಯ ಐಪ್ಯಾಡ್ 2010ರಲ್ಲಿ ಹೊರಬಂದಾಗ ಅದು ಓದಲು, ನೋಡಲು ಮಾತ್ರ ಯೋಗ್ಯವೆಂದು ಹಲವರು ಭಾವಿಸಿದ್ದರು. ಅದೇ ವರ್ಷ ಆ ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರು ವೈಯಕ್ತಿಕ ಗಣಕವನ್ನು ಲಾರಿಗೂ ಟ್ಯಾಬ್ಲೆಟ್ಟನ್ನು ಕಾರಿಗೂ ಹೋಲಿಸಿ, ಮುಂದೆ ಲಾರಿಯ ಅಗತ್ಯ ಕೆಲವರಿಗಷ್ಟೇ ಉಳಿಯುವುದೆಂದು ಅಭಿಪ್ರಾಯಪಟ್ಟಿದ್ದರು. ಹತ್ತಿ, ತೊಗರಿ, ಭತ್ತ ಸಾಗಿಸುವ ಈ ಭಾಗದ ವರ್ತಕರಿಗೆ ಲಾರಿಯ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಾರು ಬಲಗೊಳ್ಳುತ್ತ ಬಂದಿತು. 2015ರಲ್ಲಿ ಐಪ್ಯಾಡ್ ಪ್ರೊ ಮತ್ತು ಅದರ ಲೇಖನಿ ಬಂದವು. 2019ರಲ್ಲಿ ಫೋಟೋಶಾಪ್, 2020ರಲ್ಲಿ ಇಲ್ಲಸ್ಟ್ರೇಟರ್, 2022ರ ಕೊನೆಗೆ ವಿಡಿಯೋ ಸಂಕಲನದ ಡಾವಿಂಚಿ ರಿಸಾಲ್ವ್, 2023ರಲ್ಲಿ ಫೈನಲ್ ಕಟ್ ಪ್ರೊ ಐಪ್ಯಾಡಿಗೆ ಲಭ್ಯವಾದವು. ಗಣಕದಂತೆ ಹಲವು ಕಿಟಕಿಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಳ್ಳುವ ಅನುಕೂಲವೂ 2025ರಲ್ಲಿ ಸೇರಿತು. ಆದ್ದರಿಂದ ಟ್ಯಾಬ್ಲೆಟ್ಟಿಗೆ ಶಕ್ತಿ ಸಾಲದು ಎಂಬ ಹಳೆಯ ವಾದಕ್ಕೆ ಈಗ ಹುರುಳಿಲ್ಲ.

ಕೆಲಸ ಎಲ್ಲಿ ಮುಗಿಯುತ್ತದೆ?

ವಿಚಾರಿಸಬೇಕಾದುದು ಬೇರೆಯೇ ಇದೆ. ತಯಾರಾದ ವಿನ್ಯಾಸವು ಮುಂದೆ ಯಾರ ಕೈಗೆ ಹೋಗುತ್ತದೆ, ಅವರು ಅದನ್ನು ಯಾವ ರೂಪದಲ್ಲಿ ಸ್ವೀಕರಿಸುತ್ತಾರೆ ಎಂಬುದೇ ಇಲ್ಲಿ ನಿರ್ಣಾಯಕ. ಮೊಬೈಲ್ ಪರದೆಯ ಮೇಲೆ ಮುಗಿಯುವ ಕೆಲಸ ಒಂದು ಬಗೆ. ಕಾಗದ, ಫ್ಲೆಕ್ಸ್ ಅಥವಾ ಚೀಲದ ಮೇಲೆ ಮುಗಿಯುವ ಕೆಲಸ ಇನ್ನೊಂದು ಬಗೆ.

ಮೊದಲ ಬಗೆಯಲ್ಲಿ ಟ್ಯಾಬ್ಲೆಟ್ ನಿಸ್ಸಂಶಯವಾಗಿ ಗೆದ್ದಿದೆ. ವಾಟ್ಸಾಪ್ ಮೂಲಕ ಕಳುಹಿಸುವ ಲಗ್ನಪತ್ರಿಕೆ, ಅಂಗಡಿಯ ದೀಪಾವಳಿ ಶುಭಾಶಯ, ಸೀರೆ ಅಥವಾ ಪಾತ್ರೆ ಅಂಗಡಿಯ ಹೊಸ ಮಾಲಿನ ಚಿತ್ರ, ನಿವೇಶನ ಮಾರಾಟದ ಕಿರು ವಿಡಿಯೋ ಇವೆಲ್ಲವೂ ಪರದೆಗಾಗಿ ಹುಟ್ಟಿ ಪರದೆಯಲ್ಲೇ ಮುಗಿಯುತ್ತವೆ. ಕ್ಯಾನ್ವಾದಂತಹ ಸೇವೆಗಳಲ್ಲಿ ಯೂನಿಕೋಡ್ ಕನ್ನಡ ಅಕ್ಷರಗಳೂ ದೊರೆಯುತ್ತವೆ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಅವರು ಹೇಳಿದ ಬಣ್ಣವನ್ನು ಅಲ್ಲಿಯೇ ಬದಲಿಸಿ ತೋರಿಸಿ ಒಪ್ಪಿಗೆ ಪಡೆಯುವುದಕ್ಕೆ ಇದಕ್ಕಿಂತ ಉತ್ತಮ ಸಾಧನವಿಲ್ಲ. ಇಷ್ಟನ್ನೇ ಮಾಡುವವರು ಲ್ಯಾಪ್‌ಟಾಪಿಗಾಗಿ ಹಣ ತೊಡಗಿಸಬೇಕಾಗಿಲ್ಲ.

ಎರಡನೆಯ ಬಗೆಯ ಕಥೆ ಹೀಗಿಲ್ಲ. ಸಣ್ಣ ಪಟ್ಟಣಗಳ ವಿನ್ಯಾಸ ಕೆಲಸದ ಬಹುಪಾಲು ಇಂದಿಗೂ ಕೋರಲ್‌ಡ್ರಾದಲ್ಲಿ ನಡೆಯುತ್ತದೆ. ಈ ತಂತ್ರಾಂಶದ ಪೂರ್ಣ ಆವೃತ್ತಿಯು ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೆ ಇದೆಯೇ ಹೊರತು ಐಪ್ಯಾಡಿಗಾಗಲಿ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗಾಗಲಿ ಇಲ್ಲ. ಪ್ಲೇಟ್ ತಯಾರಿಸುವವರು ಕೇಳುವುದು ನಾಲ್ಕು ಬಣ್ಣಗಳಾಗಿ ಬೇರ್ಪಡುವ, ಕಪ್ಪು ಅಕ್ಷರ ಶುದ್ಧ ಕಪ್ಪಿನಲ್ಲಿಯೇ ಇರುವ ಕಡತವನ್ನು. ಪರದೆಯ ಮೂರು ಬಣ್ಣಗಳಲ್ಲಿ ರಚಿಸಿದ ಚಿತ್ರವನ್ನು ಹಾಗೆಯೇ ಕೊಟ್ಟರೆ ಕಪ್ಪು ಅಕ್ಷರವು ನಾಲ್ಕೂ ಬಣ್ಣಗಳಲ್ಲಿ ಹಂಚಿಹೋಗಿ, ಅಚ್ಚು ಕೂದಲೆಳೆಯಷ್ಟು ಸರಿದರೂ ಸಣ್ಣಕ್ಷರ ಮಸುಕಾಗುತ್ತದೆ. ಫ್ಲೆಕ್ಸ್ ಯಂತ್ರದವರು ಸಾಮಾನ್ಯ ಜೆಪೆಗ್ ಚಿತ್ರವನ್ನೂ ಒಪ್ಪುತ್ತಾರಾದ್ದರಿಂದ ಬ್ಯಾನರ್ ಕೆಲಸವನ್ನು ಟ್ಯಾಬ್ಲೆಟ್ಟಿನಲ್ಲಿ ಒಂದಷ್ಟು ಮಟ್ಟಿಗೆ ಸಾಗಿಸಬಹುದು. ಆದರೆ ಪ್ರೊಕ್ರಿಯೇಟ್‌ನಂತಹ ಜನಪ್ರಿಯ ಚಿತ್ರ ತಂತ್ರಾಂಶದಲ್ಲಿ ಹಾಳೆಯ ಅಳತೆ ಹಿಗ್ಗಿದಂತೆಲ್ಲ ಬಳಸಬಹುದಾದ ಪದರಗಳ ಸಂಖ್ಯೆ ಕುಗ್ಗುತ್ತದೆ ಎಂಬುದು ಜಾತ್ರೆಯ ದೊಡ್ಡ ಬ್ಯಾನರಿಗೆ ಕೈಹಾಕಿದಾಗಲೇ ಅರಿವಾಗುತ್ತದೆ.

ಸ್ಟುಡಿಯೋದವರದು ಗಾತ್ರದ ತೊಡಕು. 12 ಇಂಚು ಎತ್ತರ, 36 ಇಂಚು ಅಗಲದ ಒಂದು ಮದುವೆ ಆಲ್ಬಮ್ ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ರಚಿಸಿದರೆ ಒಟ್ಟು 3 ಕೋಟಿ 88 ಲಕ್ಷಕ್ಕೂ ಅಧಿಕ ಚುಕ್ಕೆಗಳಾಗುತ್ತವೆ. ಒಂದೇ ಪದರಕ್ಕೆ ಸುಮಾರು 117 ಎಂಬಿ. ಇಂತಹ ಹಾಳೆಗಳು ಒಂದು ಮದುವೆಗೆ ಎಷ್ಟು, ಒಂದು ಲಗ್ನಸರಾಯಿಗೆ ಮದುವೆಗಳೆಷ್ಟು ಎಂದು ಗುಣಿಸಿ ನೋಡಿದರೆ, 128 ಜಿಬಿ ಸಂಗ್ರಹವಿರುವ ಟ್ಯಾಬ್ಲೆಟ್ ಎಷ್ಟು ದಿನ ತಡೆದೀತು ಎಂಬುದು ತಿಳಿಯುತ್ತದೆ.

ಕನ್ನಡ ಅಕ್ಷರದ ಗಂಟು

ಇಂಗ್ಲಿಷಿನಲ್ಲಿ ಕೆಲಸ ಮಾಡುವ ವಿನ್ಯಾಸಕಾರರಿಗೆ ಎದುರಾಗದ ಒಂದು ಗಂಟು ಕನ್ನಡ ಮುದ್ರಕನಿಗಿದೆ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಯೂನಿಕೋಡ್ ಸಂಕೇತವನ್ನು ಅನುಸರಿಸುವುದಿಲ್ಲ. ಇಂಗ್ಲಿಷ್ ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ತುಂಡಕ್ಷರಗಳನ್ನು ಕೂರಿಸಿ ಅವುಗಳನ್ನು ರೂಪಿಸಲಾಗಿತ್ತು. ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೋಶಾಪ್‌ಗಳ ಹಳೆಯ ಆವೃತ್ತಿಗಳು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದಿದ್ದ ಕಾಲದಲ್ಲಿ ಈ ಉಪಾಯವೇ ಕನ್ನಡ ಮುದ್ರಣವನ್ನು ಉಳಿಸಿತು. ಅದರ ಋಣ ದೊಡ್ಡದು. ಆದರೆ ಆ ಶೈಲಿಯಿಲ್ಲದ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣಿಸುತ್ತದೆ.

ಇತ್ತ ಟ್ಯಾಬ್ಲೆಟ್ಟಿನ ಕನ್ನಡ ಕೀಲಿಮಣೆ ಯೂನಿಕೋಡನ್ನು ಮಾತ್ರ ಬಲ್ಲದು. ಹಳೆಯ ಶೈಲಿಯನ್ನು ಟ್ಯಾಬ್ಲೆಟ್ಟಿಗೆ ತುಂಬಿಕೊಂಡರೂ ಆ ಕೀಲಿಮಣೆಯಿಂದ ಅದರಲ್ಲಿ ಬೆರಳಚ್ಚು ಮಾಡಲು ಬರುವುದಿಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಪರಿವರ್ತನೆಯ ಬಳಿಕ ಅರ್ಕಾವೊತ್ತು, ಒತ್ತಕ್ಷರಗಳ ಕಡೆಗೆ ಕಣ್ಣಿಟ್ಟು ಕರಡು ತಿದ್ದುವ ಕೆಲಸ ಮಾತ್ರ ತಪ್ಪದು. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರಿನ ಒಂದು ಒತ್ತು ಬಿದ್ದುಹೋದರೆ ಆಗುವ ರಾದ್ಧಾಂತವನ್ನು ಬಲ್ಲ ಮುದ್ರಕರು ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಹಳೆಯ ಕಡತದ ಬೆಲೆ ತಿಳಿಯಲು ಅಕ್ಕಿ ಚೀಲದ ಉದಾಹರಣೆಯೊಂದೇ ಸಾಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ನಂತರ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತ ಹಬ್ಬಿತು, ಅದರೊಂದಿಗೆ ಗಿರಣಿಯ ಚೀಲಗಳ ವಿನ್ಯಾಸವೂ ಕೆಲಸವಾಗಿ ಬೆಳೆಯಿತು. 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆಗೆ ಪ್ರತಿಶತ 5 ಜಿಎಸ್‌ಟಿ ಬಂದಾಗ ದೇಶದ ಅನೇಕ ಗಿರಣಿಗಳು 26 ಕಿಲೋ ಚೀಲಕ್ಕೆ ತಿರುಗಿದವು. (ಒಂದು ಕಿಲೋ ಅಕ್ಕಿ ಹೆಚ್ಚಿಸಿ ತೆರಿಗೆಯಿಂದ ಹೊರಗುಳಿಯುವ ಈ ಜಾಣ್ಮೆಯ ಚರ್ಚೆ ಇಲ್ಲಿ ಬೇಡ.) ಮೂಲ ಕಡತವನ್ನು ಇಟ್ಟುಕೊಂಡಿದ್ದ ವಿನ್ಯಾಸಕಾರನಿಗೆ ಅದು ಒಂದು ಅಂಕಿಯನ್ನು ಬದಲಿಸುವ ಐದು ನಿಮಿಷದ ಕೆಲಸ. ಮೂಲ ಕಡತ ಇಲ್ಲದವನಿಗೆ ಅಥವಾ ಇದ್ದರೂ ತೆರೆಯಲಾಗದವನಿಗೆ ಇಡೀ ಚೀಲವನ್ನು ಹೊಸದಾಗಿ ರಚಿಸುವ ಕೆಲಸ. ಹತ್ತು ಹದಿನೈದು ವರ್ಷಗಳ ಕಡತಗಳು ಅಂಗಡಿಯ ಆಸ್ತಿ–ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಗಿರಾಕಿ ಮರಳಿ ಬರುವುದು ಮಾತ್ರ ಅವುಗಳಿಂದಲೇ.

ಗೆರೆ ಎಳೆಯುವವರಿಗೆ

ಹೀಗೆಂದು ಟ್ಯಾಬ್ಲೆಟ್ಟಿನ ಲೇಖನಿಯನ್ನು ಅಲ್ಲಗಳೆಯುವಂತಿಲ್ಲ. ನಾಯಕ ಅರಸರ ಆಶ್ರಯದಲ್ಲಿ ಸೂಕ್ಷ್ಮ ಕುಂಚದ ಗೆರೆ, ಬಂಗಾರದ ಬಣ್ಣಗಳ ಕಿರುಚಿತ್ರ ಸಂಪ್ರದಾಯವೊಂದನ್ನು ಬೆಳೆಸಿದ ಸುರಪುರದಂತಹ ಊರಿನಲ್ಲಿ ಕೈಗೆರೆಯ ಬೆಲೆ ಎಲ್ಲರಿಗೂ ಗೊತ್ತು. ಮೌಸ್ ಹಿಡಿದು ಎಳೆದ ಗೆರೆಗೆ ಆ ಜೀವ ಬರುವುದಿಲ್ಲ. ಒತ್ತಿದಷ್ಟು ದಪ್ಪ, ಬಿಟ್ಟಷ್ಟು ತೆಳುವಾಗುವ ಲೇಖನಿಯು ಚಿತ್ರಕಾರನಿಗೆ, ಫಲಕ ಬರೆಯುವವನಿಗೆ, ಆಭರಣದ ನಮೂನೆ ಬಿಡಿಸುವ ಅಕ್ಕಸಾಲಿಗನಿಗೆ ನಿಜವಾದ ಲಾಭ.

ಆದರೆ ಆ ಲಾಭಕ್ಕಾಗಿ ಲ್ಯಾಪ್‌ಟಾಪನ್ನು ಬಿಡಬೇಕಾಗಿಲ್ಲ. ಜಪಾನಿನ ವಾಕಾಮ್ ಮೊದಲಾದ ಸಂಸ್ಥೆಗಳ ಪೆನ್ ಟ್ಯಾಬ್ಲೆಟ್ ಎಂಬ ಹಲಗೆಯನ್ನು ಇರುವ ಗಣಕಕ್ಕೇ ಜೋಡಿಸಬಹುದು. ಪರದೆಯಿಲ್ಲದ ಚಿಕ್ಕ ಮಾದರಿಗಳ ಬೆಲೆ ಐಪ್ಯಾಡಿನ ಒಂದು ಸಣ್ಣ ಪಾಲಷ್ಟೇ. ವಿಂಡೋಸ್ ಮೇಲೆಯೇ ನಡೆಯುವ ಟ್ಯಾಬ್ಲೆಟ್ಟುಗಳೂ ಇವೆ. ಅವುಗಳಲ್ಲಿ ಕೋರಲ್‌ಡ್ರಾ, ನುಡಿಗಳೆರಡನ್ನೂ ಬಳಸಬಹುದಾದರೂ ಅದೇ ಸಾಮರ್ಥ್ಯದ ಲ್ಯಾಪ್‌ಟಾಪಿಗಿಂತ ಬೆಲೆ ಸಾಮಾನ್ಯವಾಗಿ ಹೆಚ್ಚು.

ಖರೀದಿಯ ಲೆಕ್ಕ

ಬೆಲೆಯನ್ನು ಹೋಲಿಸುವಾಗ ಆಗುವ ಮೊದಲ ತಪ್ಪು, ಟ್ಯಾಬ್ಲೆಟ್ಟಿನ ಬೆಲೆಗೆ ಲೇಖನಿ, ಕೀಲಿಮಣೆ, ಹೊರಗಿನ ಸಂಗ್ರಹ ಸಾಧನಗಳ ಬೆಲೆಯನ್ನು ಕೂಡಿಸದಿರುವುದು. ಎರಡನೆಯ ತಪ್ಪು ಇದಕ್ಕಿಂತ ಗಂಭೀರ. ಟ್ಯಾಬ್ಲೆಟ್ಟಿನ ತಂತ್ರಾಂಶಕ್ಕೆ ಹಣ ಕೊಡಬೇಕು, ಲ್ಯಾಪ್‌ಟಾಪಿನದು ಪುಕ್ಕಟೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಅದು ಪುಕ್ಕಟೆಯಲ್ಲ, ಪರವಾನಿಗೆಯಿಲ್ಲದ ಪ್ರತಿ. ಕೃತಿಸ್ವಾಮ್ಯ ಅಧಿನಿಯಮ 1957ರ ಕಲಂ 63ಬಿ ಪ್ರಕಾರ ತಿಳಿದೂ ಇಂತಹ ಪ್ರತಿಯನ್ನು ಬಳಸುವುದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಪರವಾನಿಗೆಗೆ ಹಣವಿಲ್ಲದವರಿಗೆ ಇಂಕ್‌ಸ್ಕೇಪ್, ಸ್ಕ್ರೈಬಸ್, ಕ್ರಿತಾ ಎಂಬ ಮುಕ್ತ ತಂತ್ರಾಂಶಗಳಿವೆ. ಇವು ಗಣಕದಲ್ಲಿ ನಿಜವಾಗಿಯೂ ಪುಕ್ಕಟೆ.

ಆದಾಯ ತೆರಿಗೆಯಲ್ಲಿ ಗಣಕಯಂತ್ರ ಮತ್ತು ತಂತ್ರಾಂಶಗಳ ಸವಕಳಿ ದರವು 2017-18ರಲ್ಲಿ ಪ್ರತಿಶತ 60ರಿಂದ 40ಕ್ಕೆ ಇಳಿಯಿತು. ಆ ದರದಂತೆ 60,000 ರೂ. ಬೆಲೆಯ ಯಂತ್ರಕ್ಕೆ ಮೊದಲ ವರ್ಷ 24,000, ಎರಡನೆಯ ವರ್ಷ 14,400, ಮೂರನೆಯ ವರ್ಷ 8,640 ರೂ. ಸವಕಳಿಯಾಗಿ 12,960 ರೂ. ಉಳಿಯುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷಕ್ಕೆ ಅರ್ಧ ದರ ಮಾತ್ರ. ಆದರೆ ಲೆಕ್ಕಪುಸ್ತಕವಿಡದೆ ವಹಿವಾಟಿನ ಪ್ರತಿಶತ 8 ಅಥವಾ 6ರಂತೆ ಅಂದಾಜು ಲಾಭ ತೋರಿಸುವ ಸಣ್ಣ ಅಂಗಡಿಗಳಿಗೆ ಈ ಸವಕಳಿ ಪ್ರತ್ಯೇಕವಾಗಿ ಸಿಗುವುದಿಲ್ಲ. ಅವರಿಗೆ ಯಂತ್ರದ ಹಣ ಮರಳಬೇಕಾದುದು ದುಡಿಮೆಯಿಂದಲೇ.

ಜಿಎಸ್‌ಟಿಯ ವಿಷಯದಲ್ಲಿ ಲ್ಯಾಪ್‌ಟಾಪಿಗೂ ಟ್ಯಾಬ್ಲೆಟ್ಟಿಗೂ ದರ ಪ್ರತಿಶತ 18. ತೆರಿಗೆ ಸೇರಿ 60,000 ರೂ. ಕೊಟ್ಟಿದ್ದರೆ ಅದರಲ್ಲಿ 9,153 ರೂ. ತೆರಿಗೆಯ ಪಾಲು. ಸಾಮಾನ್ಯ ನೋಂದಣಿಯವರು ಇದರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಜಮೆ ಪಡೆದವರು ಆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಆನ್‌ಲೈನ್‌ನಲ್ಲಿ ಮಗನ ಹೆಸರಿಗೆ ಬಿಲ್ಲು ಮಾಡಿಸಿ, ಅಂಗಡಿಯ ಜಿಎಸ್‌ಟಿ ಸಂಖ್ಯೆ ನಮೂದಿಸದೆ ಈ ಜಮೆಯನ್ನು ಕಳೆದುಕೊಳ್ಳುವ ಸಂಭವವೂ ಉಂಟು. ಸಂಜೆಯಾಗುತ್ತಲೇ ಮಕ್ಕಳ ಕೈಸೇರುವ ಟ್ಯಾಬ್ಲೆಟ್ಟನ್ನು ಪೂರ್ಣವಾಗಿ ವ್ಯಾಪಾರದ ಆಸ್ತಿ ಎಂದು ಸಮರ್ಥಿಸುವುದೂ ಕಷ್ಟ.

ಬಿಸಿಲಿನ ಮಾತನ್ನೂ ಬಿಡುವಂತಿಲ್ಲ. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಅದರ ತಯಾರಕರೇ ಸೂಚಿಸುತ್ತಾರೆ. ಲ್ಯಾಪ್‌ಟಾಪುಗಳ ಮಿತಿಯೂ ಬಹುತೇಕ ಅಷ್ಟೇ. ಯಾದಗಿರಿಯ ಬೇಸಿಗೆ 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ, ಲಗ್ನಸರಾಯಿಯೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಒಳಗೆ ಫ್ಯಾನ್ ಇಲ್ಲದ ಟ್ಯಾಬ್ಲೆಟ್ ಕಾದಾಗ ಪರದೆಯನ್ನು ಮಬ್ಬಾಗಿಸಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಫ್ಯಾನು, ಕೀಲಿಮಣೆ, ಸಂಗ್ರಹ ಸಾಧನಗಳನ್ನು ಊರಿನ ದುರಸ್ತಿಯವರೇ ಬದಲಿಸಿಕೊಡಬಲ್ಲರು. ಅಂಟು ಹಾಕಿ ಮುಚ್ಚಿದ ಟ್ಯಾಬ್ಲೆಟ್ ಕೆಟ್ಟರೆ ದೊಡ್ಡ ಊರಿಗೆ ಕಳುಹಿಸಿ ಕಾಯಬೇಕಾಗುತ್ತದೆ.

ಮುದ್ರಣವೇ ಮುಖ್ಯ ಆದಾಯವಾಗಿರುವ ಅಂಗಡಿಗೆ ಸದ್ಯಕ್ಕೆ ಲ್ಯಾಪ್‌ಟಾಪ್ ಅಥವಾ ಮೇಜಿನ ಗಣಕವೇ ಮೊದಲ ಖರೀದಿ. ಪರದೆಯ ಕೆಲಸ ಹೆಚ್ಚಿದಾಗ ಟ್ಯಾಬ್ಲೆಟ್ ಎರಡನೆಯದಾಗಿ ಬರಲಿ. ಯಾವುದನ್ನು ಕೊಂಡರೂ ಹಳೆಯ ವಿಂಡೋಸ್ 10 ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರ ಕಡತಗಳನ್ನು ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲು ಮಾಡಿಕೊಳ್ಳಬೇಕು, ಬಳಸಿದ ಅಕ್ಷರಶೈಲಿಗಳನ್ನೂ ಅದರೊಂದಿಗೆ ಇಡಬೇಕು. ಪದೇ ಪದೇ ಬೇಕಾಗುವ ವಿನ್ಯಾಸಗಳಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಪಿಡಿಎಫ್ ರೂಪದಲ್ಲಿಯೂ ಒಂದು ಪ್ರತಿ ಉಳಿಸಿಕೊಳ್ಳಬೇಕು. ಆ ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಬ್ಯಾಂಕು, ಟ್ಯಾಲಿ, ಜಿಎಸ್‌ಟಿ ಕೆಲಸಗಳನ್ನು ಹೊಸದಕ್ಕೆ ವರ್ಗಾಯಿಸಿದರೆ, ಹಳೆಯ ಕಡತ ತೆರೆಯುವುದಕ್ಕಷ್ಟೇ ಅದನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳಬಹುದು.